ತಂಗಿಗೆ ಬೀಸಿದ ಬೇವು

ತಂಗಿಯ ಮೈಮೇಲೆ ನೀರುಗುಳ್ಳೆ ಏಳುವ ಹಿಂದಿನ ದಿನ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಟವೆಲಿಗೆ ಕೈ ಒರೆಸಿಕೊಂಡು ಶಾಲೆಗೆ ಹೋಗಿದ್ದೆವು. ಆಗ ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಬಂದು ದೂರದ ಶಹರದ ಅಂಚಿನಲ್ಲಿ, ಲಿಂಗಂಪಲ್ಲಿಯ ಆಚೆ ಐಟಿ ಕಂಪನಿಗಳ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದರು. ನಮ್ಮದು ತಗಡಿನ ಶೆಡ್ಡು.

ಮರುದಿನ ಟೀಚರ್ ತಂಗಿಯನ್ನು ಮನೆಗೆ ಕಳಿಸಿದರು. ಬೇರೆ ಮಕ್ಕಳಿಗೂ ಹತ್ತುತ್ತದೆ, ಗುಳ್ಳೆ ಒಣಗಿ ಉದುರುವವರೆಗೆ ಕಳಿಸಬೇಡಿ ಎಂದರು. ಅವ್ವ ಕೆಲಸ ಬಿಟ್ಟು ಅವಳ ಪಕ್ಕ ಕೂತಳು. ಮೈಮೇಲೆ ದೇವಿ ಬಂದಿದ್ದಾಳೆಂದು ಆ ಪುಟ್ಟ ಹುಡುಗಿಯನ್ನು ಮರ್ಯಾದೆ ಕೊಟ್ಟು ಮಾತಾಡಿಸತೊಡಗಿದಳು.

“ಏಳ್ರಿ ತಾಯಿ, ಎಳನೀರು ಕುಡೀರಿ.”

ಬೇವಿನ ಸೊಪ್ಪಿನಿಂದ ಮೆಲ್ಲಗೆ ಅವಳ ಬೆನ್ನು ಸವರುತ್ತಿದ್ದಳು. ನನಗೆ ಹೊಸ್ತಿಲ ಹೊರಗೆ ಬೇರೆ ತಟ್ಟೆ, ಮಲಗಲು ಪಕ್ಕದ ಶೆಡ್ಡಿನ ಮುದುಕಿಯ ಚಾಪೆ.

“ನನಗೂ ದೇವಿ ಬರ್ಲಿ,” ಎಂದೆ.

“ಬಾಯಿ ಮುಚ್ಚು. ಅಲ್ಲೇ ನಿಂದ್ರು, ಒಳಗ ಬರಬ್ಯಾಡ,” ಅವ್ವ ಗದರಿದಳು.

ತಂಗಿ ಎಳನೀರಿನ ಲೋಟ ಎತ್ತಿ ತೋರಿಸಿದಳು. “ನನಗ ರೀ ಅಂತಾಳ. ನಿನಗ?”

ದಿನವೂ ಅಂಗಿ ಎತ್ತಿ ಹೊಟ್ಟೆ ನೋಡಿಕೊಳ್ಳುತ್ತಿದ್ದೆ. ನನಗೆ ಒಂದು ಗುಳ್ಳೆಯೂ ಏಳಲಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಕಳೆದ ತಿಂಗಳು ಅವ್ವನನ್ನು ಮಣ್ಣು ಮಾಡಿ ಬಂದಾಗ ಬಾಗಿಲಲ್ಲಿ ಶಾಸ್ತ್ರಕ್ಕೆ ಎಲ್ಲರಿಗೂ ಬೇವಿನ ಎಲೆ ಕೊಟ್ಟರು. ತಂಗಿ ಅದನ್ನು ಮೂಸಿ, “ಅವ್ವನ ಕೈ ವಾಸನಿ,” ಎಂದು ಅತ್ತಳು.

ನಾನೂ ಮೂಸಿದೆ. ನನ್ನ ಬೆನ್ನಿಗೆ ಆ ಕೈಯ ನೆನಪಿಲ್ಲ.