ದೆವ್ವದ ಬಾತಿನ ಕೂಗು

"ನಾಳೆ ಬೆಳಿಗ್ಗೆ ಟಂಕೇಶ್ವರ ಗುದ್ದಲಿ ತಗೊಂಡು ಬರ್ತಾನೆ. ಕಾಡಂಚಿನ ಹೊಂಡದ ನೀರನ್ನ ಹೊಳೆಗೆ ಬಿಟ್ಟುಬಿಡ್ತೀವಿ. ಫಾಗುನ ಮಾಸದಲ್ಲಿ ಅಲ್ಲಿ ಟೀ ಸಸಿ!" ಎಂದ ಮುಹಿಧರ. ಮಗ್ಗದ ಮುಂದೆ ಕೂತಿದ್ದ ಹೆಂಡತಿ ಪದುಮಿಗೆ ಹೇಳಿದ ಮಾತು ಪಕ್ಕದ ಮನೆಯ ಟಂಕೇಶ್ವರನಿಗೂ ಕೇಳಿಸಿರಬೇಕು. ಈಚೆಗೆ ಅವನ ಮಾತೆಲ್ಲ ಹಾಗೆಯೇ.

ಪದುಮಿ ಎದ್ದು ಬಂದು ಅವನ ಎದುರಿಗೇ ನಿಂತು ಗಟ್ಟಿಯಾಗಿ ಕೇಳಿದಳು. "ಆ ಹೊಂಡಕ್ಕೆ ಕೈ ಹಾಕಬೇಡ ಅಂತ ಮಾವ ಹೇಳಿರ್ಲಿಲ್ವಾ?"

"ದೆವ್ವದ ಬಾತು ಕೂಗ್ತಾ ಇರೋ ತನಕ ಮುಟ್ಟಬೇಡ ಅಂದಿದ್ದ ಅಪ್ಪ. ಎಲ್ಲಿ ಕೂಗ್ತಿದೆ? ಎರಡು ಚಳಿಗಾಲ ಆಯ್ತು, ಒಂದು ಸದ್ದಿಲ್ಲ." ಅವನ ದನಿ ಇಳಿಯಿತು. "ಹೋದ್ವು ಕಣೆ. ನಮ್ಮ ಕಾಡಿನ ಋಣ ತೀರಿಸ್ಕೊಂಡು ಹೋದ್ವು."

ಪದುಮಿ ಹೊಂಡದ ದಿಕ್ಕಿಗೆ ಮುಖ ತಿರುಗಿಸಿದಳು. "ಬಾತು ಕೂಗ್ತಾನೇ ಇದೆ ರೀ. ನಿನ್ನೆ ಸಂಜೇನೂ ಕೂಗ್ತು."

"ಭತ್ತ? ಭತ್ತ ಕಣಜದಲ್ಲೇ ಇದೆಯಲ್ಲ. ಊರಲ್ಲಿ ಎಲ್ರೂ ಬಾಯೊಳಗೇ ಮಾತಾಡೋದು ಕಲ್ತುಬಿಟ್ಟಿದೀರ!"

ಅವನಿಗೆ ಕಿವಿ ಮಂದವಾಗಿದೆ ಎಂದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಹಿಂದಿನ ಬಿಹು ಹಬ್ಬದಲ್ಲಿ ಅವನ ಢೋಲು ತಾಳ ತಪ್ಪಿ ಹುಡುಗರು ನಕ್ಕಿದ್ದರು. ಬೆನ್ನುನೋವು ಎಂದು ಹೇಳಿ ಢೋಲನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದ. ಆ ರಾತ್ರಿ ಅವನ ಮುಖ ನೋಡಿದ ಪದುಮಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಸುಮ್ಮನೆ ಸಾಸಿವೆ ಎಣ್ಣೆ ಬಿಸಿಮಾಡಿ ಬೆನ್ನಿಗೆ ತಿಕ್ಕಿದ್ದಳು. ಆದರೆ ನಾಳೆ ಗುದ್ದಲಿ ಬರುತ್ತದೆ. ನೀರಿಲ್ಲದ ಮೇಲೆ ಆ ಬಾತುಗಳ ಜೋಡಿ ಎಲ್ಲಿಗೆ ಹೋದೀತು?

"ಬನ್ನಿ, ನೀರು ಬಿಡೋ ಮುಂಚೆ ಒಂದ್ಸಲ ಹೋಗಿ ನೋಡ್ಕೊಂಡು ಬರೋಣ" ಎಂದು ಅವನ ಕೈ ಹಿಡಿದು ಎಬ್ಬಿಸಿದಳು.

ಹೊಂಡದ ಸುತ್ತ ಹೊಲ್ಲೊಂಗ್ ಮರಗಳ ನೆರಳು ಕವಿದಿತ್ತು. ಇಬ್ಬರೂ ಒಂದು ಬೇರಿನ ಮೇಲೆ ಕೂತರು. ಹೊತ್ತು ಮುಳುಗಿ, ನೀರು ಕಪ್ಪಾಗುತ್ತ ಬಂದ ಹಾಗೆ, ಬಿದ್ದ ಮರದ ಮರೆಯಿಂದ ದೊಡ್ಡದೊಂದು ಹಕ್ಕಿ ರೆಕ್ಕೆ ಬಡಿದು ಎದ್ದಿತು. ಅದರ ಬೆನ್ನಿಗೇ ಇನ್ನೊಂದು. ಕಪ್ಪು ಮೈ, ಚುಕ್ಕೆಚುಕ್ಕೆಯ ಬಿಳಿ ತಲೆ, ರೆಕ್ಕೆಯಲ್ಲಿ ಅಗಲವಾದ ಬಿಳಿ. ಮೇವಿಗೆ ಹೊರಟ ಜೋಡಿ ಅವರ ತಲೆಯ ಮೇಲೆಯೇ ಹಾದುಹೋಯಿತು. ಮುಂದಿನದು ಕತ್ತು ಚಾಚಿ ಕೊಕ್ಕು ತೆರೆಯಿತು.

ಮುಹಿಧರನ ಕಣ್ಣಿಗೆ ಕೊಕ್ಕು ತೆರೆದದ್ದು ಕಾಣಿಸಿತು, ಮುಚ್ಚಿದ್ದು ಕಾಣಿಸಿತು. ಮತ್ತೇನೂ ಇಲ್ಲ. ತಿರುಗಿ ಹೆಂಡತಿಯನ್ನು ನೋಡಿದ. ಅವಳ ಕೈ ಎದೆಯ ಮೇಲಿತ್ತು. ಮದುವೆಯಾಗಿ ಬಂದ ಹೊಸದರಲ್ಲೂ, ಯಾರೋ ಅತ್ತಂಥ ಆ ಕೂಗು ಕೇಳಿದಾಗಲೆಲ್ಲ ಅವಳು ಹೀಗೇ ಎದೆ ಹಿಡಿದುಕೊಳ್ಳುತ್ತಿದ್ದಳು.

"ಕೂಗ್ತಾ?" ಎಂದ. ಈ ಸಲ ಮೆಲ್ಲಗೆ.

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನೇನೂ?"

ಮತ್ತೆ ತಲೆಯಾಡಿಸಿ, ಅವನ ಕಿವಿಗೆ ಬಾಯಿಟ್ಟು ಹೇಳಿದಳು. "ದಿನಾ."

ಅವನು ನೀರಿನ ಕಡೆ ತಿರುಗಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆಂದು ಪದುಮಿ ಗಾಬರಿಯಿಂದ ಬಗ್ಗಿ ನೋಡಿದರೆ, ನಗುತ್ತಿದ್ದ.

"ಕಳ್ಳಿ! ಬೆನ್ನಿಗೆ ಎಣ್ಣೆ ತಿಕ್ಕಿದ್ಯಲ್ಲೇ, ಕಿವಿಗೆ ಬಿಡಬಾರ್ದಿತ್ತಾ?" ಎಂದು ಹೆಗಲ ಮೇಲಿನ ಗಮೊಸಾ ವಸ್ತ್ರದಿಂದ ಕಣ್ಣೊರೆಸಿಕೊಂಡ. "ಹೋಗ್ಲಿ ಬಿಡು. ಹಾಳಾಗಿದ್ದು ನನ್ನ ಕಿವಿ ತಾನೆ. ಬಾತುಗಳು ಇಲ್ಲೇ ಇದಾವಲ್ಲ."

"ಟಂಕೇಶ್ವರನಿಗೆ ಏನು ಹೇಳ್ತೀರಾ?" ಅವಳು ಮತ್ತೆ ಕಿವಿಯ ಹತ್ತಿರ ಬಾಯಿ ತಂದಳು.

"ಗುದ್ದಲಿ ಬೇಡ ಅಂತ ನೀನೇ ಹೇಳು. ನಂಗೆ ಕಿವಿ ಕೇಳಿಸಲ್ಲ ಅಂತ್ಲೂ ಹೇಳ್ಬಿಡು." ಹೇಳಿ ಹಗುರಾದವನಂತೆ ಕಾಲು ಚಾಚಿದ. "ಅದಿರ್ಲಿ, ಈಗ ಹೇಗೆ ಕೂಗ್ತು? ಒಂದ್ಸಲ ಕೂಗಿ ತೋರ್ಸು."

"ಥೂ, ಈ ವಯಸ್ಸಲ್ಲಿ!" ಪದುಮಿ ಸುತ್ತಮುತ್ತ ನೋಡಿದಳು. ಯಾರೂ ಇರಲಿಲ್ಲ. ಅವನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಟ್ಟುಕೊಂಡು, ಕಿವಿಗೆ ಬಾಯಿ ಹಚ್ಚಿ, ಉಸಿರು ಇರುವ ತನಕ ಉದ್ದಕ್ಕೆ ಕೂಗಿದಳು.

ಮುಹಿಧರ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಉಹುಂ, ಸರಿಯಾಗಿ ಬರ್ಲಿಲ್ಲ. ಕೊನೇಲಿ ಇನ್ನೂ ಸ್ವಲ್ಪ ಎಳೀಬೇಕು" ಎಂದ.

ಅಷ್ಟರಲ್ಲಿ ಕತ್ತಲೆಯ ಆಚೆಯಿಂದ ಅವಳ ಕೂಗಿಗೆ ಉತ್ತರ ಬಂದಾಗಿತ್ತು.