ದೊಡ್ಡಪ್ಪ ಕರೆದಾಗ ಬಂದ ಗೌರಿ

ಫಿನೈಲ್ ವಾಸನೆ ಬಂದರೆ ನನಗೆ ಈಗಲೂ ಶಂಕರಪುರಂ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ದೊಡ್ಡಪ್ಪ ಸರ್ಕಸ್ಸಿನಿಂದ ಬಿಡಿಸಿ ತಂದ ಸಿಂಹಗಳನ್ನು ಊರಾಚೆಯ ಆಶ್ರಯಧಾಮವೊಂದರಲ್ಲಿ ನೋಡಿಕೊಳ್ಳುತ್ತಿದ್ದರು. ಅವರ ಅಂಗಿಗೆ ಸದಾ ಅದೇ ವಾಸನೆ. ಅಲ್ಲಿದ್ದ ಗೌರಿ ಎಂಬ ಮುದಿ ಸಿಂಹಿಣಿ ಹುಟ್ಟಿದಾಗಿನಿಂದ ಬೋನಿನಲ್ಲೇ ಬೆಳೆದದ್ದು. ಮಣ್ಣಿಗೆ ಕಾಲಿಡಲೂ ಹೆದರುತ್ತಿದ್ದ ಅದನ್ನು ದೊಡ್ಡಪ್ಪ ಕಂಬಿಯಾಚೆ ಕೂತು, ದಿನವೂ ಮಾತಾಡಿಸಿ, ಹುಲ್ಲಿನ ಮೇಲೆ ನಡೆಯುವಂತೆ ಮಾಡಿದ್ದರು.

ಅಂದು ಅವರು ಊಟ ಮುಟ್ಟದೆ ತಟ್ಟೆಯ ಮುಂದೆ ಕೂತಿದ್ದರು. ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿತ್ತು.

"ಗೌರಿ ಹೇಗಿದಾಳೆ ದೊಡ್ಡಪ್ಪ?" ಎಂದೆ.

"ಹಿಂಗಾಲು ಬಿದ್ದೋಗಿತ್ತು ಪುಟ್ಟಿ, ಊಟಾನೂ ಬಿಟ್ಟಿದ್ಲು. ಇನ್ನು ವಾಸಿ ಆಗಲ್ಲ, ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯೋದೇ ವಾಸಿ ಅಂದ್ರು ಡಾಕ್ಟ್ರು. ಬೆಳಿಗ್ಗೆ ಕೊಟ್ಟಾಯ್ತು."

"ಅದರ ನೋವು ಮುಗೀತಲ್ಲ, ಬಿಡೋ," ಎಂದರು ಅವರ ತಾಯಿ, ನಮ್ಮ ಅಜ್ಜಿ.

"ಬೇರೆ ಯಾರು ಕರೆದ್ರೂ ಬರ್ತಿರ್ಲಿಲ್ಲಮ್ಮ. ಅದಕ್ಕೇ ಇಂಜೆಕ್ಷನ್ ಕೊಡೋಕೆ ಅಂತ ಅವಳನ್ನ ನನ್ನ ಕೈಲಿ ಕರೆಸಿದ್ರು. ಕಾಲು ಎಳ್ಕೊಂಡು ಕಂಬಿ ಹತ್ರ ಬಂದ್ಲು."

ಅಜ್ಜಿ ದೊಡ್ಡಪ್ಪನ ತಟ್ಟೆಯ ಅನ್ನ ಕಲಸಿ, ತಲೆ ನರೆತ ಮಗನ ಬಾಯಿಯ ಹತ್ತಿರ ತುತ್ತು ಹಿಡಿದರು. ದೊಡ್ಡಪ್ಪ ಬಾಯಿ ತೆರೆಯಲಿಲ್ಲ. ಅಜ್ಜಿಯೂ ಕೈ ಇಳಿಸಲಿಲ್ಲ.