ಹೆಸರಿನ ಮುಂದಿನ ಜಾಗ

“ನನ್ನ ‘ಶ್ರೀಮತಿ’ ಎಲ್ಲಿ ಹೋಯ್ತೇ?” ತಲೆತುಂಬ ರೋಲರ್ ಸುತ್ತಿಸಿಕೊಂಡಿದ್ದ ಎಂಬತ್ತನಾಲ್ಕರ ಓಡೆಸ್ಸಾ ಪೆಟ್‌ವೇ, ನಿನ್ನೆಯ ಪತ್ರಿಕೆಯನ್ನು ನಿಯಾಳ ಮಡಿಲಿಗೆ ಎಸೆದರು. ಮಾಂಟ್‌ಗೊಮರಿಯ ಕಪ್ಪು ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಶನಿವಾರದ ಹರಟೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮುಚ್ಚಿದ್ದ ಮತಗಟ್ಟೆಯನ್ನು ಹೋರಾಡಿ ತೆರೆಸಿದ್ದು ಓಡೆಸ್ಸಾ. ಅದನ್ನು ಬರೀ ‘ಓಡೆಸ್ಸಾ ಪೆಟ್‌ವೇ’ ಎಂದು ಹೆಸರು ಹಾಕಿ ಮುಖಪುಟದಲ್ಲಿ ಬರೆದವಳು ವರದಿಗಾರ್ತಿ ನಿಯಾ.

“ಈಗ ಯಾರಿಗೂ ಹಾಕಲ್ಲ ಅಮ್ಮಾ. ಮೇಯರ್‌ಗೂ ಬರೀ ಹೆಸರೇ. ಎಲ್ಲರೂ ಸಮ ಅಂತ.”

“ನಮಗೆ ಕೊಡೋ ಕಾಲ ಬಂದಾಗ ಎಲ್ಲರದ್ದೂ ತೆಗೆದುಬಿಟ್ರಾ? ಚೆನ್ನಾಗಿದೆ!”

ಪಾರ್ಲರ್ ಪೂರ್ತಿ ನಕ್ಕಿತು. ಓಡೆಸ್ಸಾ ನಗಲಿಲ್ಲ. ಕೈಚೀಲದ ಬೈಬಲ್ಲಿನಿಂದ ಹಳದಿಗಟ್ಟಿದ ತುಣುಕೊಂದನ್ನು ತೆಗೆದುಕೊಟ್ಟರು. ಅದೇ ಪತ್ರಿಕೆಯ 1951ರ ನಿಧನ ವಾರ್ತೆ. ತೀರಿಕೊಂಡ ಬಿಳಿಯ ಗೃಹಿಣಿಯರೆಲ್ಲ ‘ಶ್ರೀಮತಿ’. ಕೊನೆಯ ಸಾಲಿನಲ್ಲಿ ಮಾತ್ರ ‘ಲೂಲಾ, ಕರಿಯ ಅಡುಗೆಯವಳು’.

“ನಮ್ಮಮ್ಮ. ಮದುವೆಯಾಗಿ ಇಪ್ಪತ್ತು ವರ್ಷ ಆಗಿತ್ತು.”

ನಿಯಾ ಎರಡು ಸಲ ಓದಿದಳು. ಅಲ್ಲೇ ಸಂಪಾದಕರಿಗೆ ಫೋನ್ ಹಚ್ಚಿದಳು.

“ಸರ್, ನಮ್ಮದೊಂದು ತಪ್ಪಾಗಿದೆ. ತಿದ್ದುಪಡಿ ಹಾಕ್ಬೇಕು.”

“ನಿನ್ನೆಯ ವರದಿಯಲ್ಲೇನಾ?”

“ಅಲ್ಲ, 1951ರದ್ದರಲ್ಲಿ. ಹಾಕಲೇಬೇಕು, ಬರ್ಕೊಳ್ಳಿ.” ಫೋನನ್ನು ಓಡೆಸ್ಸಾರ ಬಾಯಿಯ ಹತ್ತಿರ ಹಿಡಿದಳು. “ಪೂರ್ತಿ ಹೆಸರು ಹೇಳಿ ಅಮ್ಮಾ.”

ಓಡೆಸ್ಸಾ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, “ಶ್ರೀಮತಿ...” ಎಂದು ಶುರುಮಾಡಿದರು.